ಎತ್ತಿ ಕುಡಿದ ಏಲ್

ಪರದೇಶದಲ್ಲಿ, ಡಾಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಟ್ರಾಮ್ ಹತ್ತಿ ಕೂತ ಭಾಗೀರಥಿಗೆ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಇನ್ನು ಕಿವಿ ಸುಮ್ಮನಿರುತ್ತದೆಯೇ?

“ರುಚಿ ನೋಡಿ ಮಾರ್ಕ್ಸ್ ಹಾಕೋ ಚೀಟೀಲಿ ನಾಲ್ಕು ಏಲ್ ಬಿಯರಿಗೂ ಪರಿಮಳಕ್ಕೆ ಸೊನ್ನೆ ಹಾಕಿದ್ರಲ್ಲ, ನಿಖಿತಾ! ಇಂಗ್ಲೆಂಡಿನಿಂದ ಪೀಪಾಯಿ ತಂದಿದ್ದ ಆ ಬ್ರೂವರಿಯವನ ಮುಖ ನೋಡ್ಬೇಕಿತ್ತು, ಪಾಪ.”

“ವಾಸನೆನೇ ಬರ್ಲಿಲ್ಲ, ಗೌತಮ್. ಸುಳ್ಳು ಮಾರ್ಕ್ಸ್ ಹಾಕ್ಲಾ?”

“ಎತ್ತಿ ಕುಡಿದ್ರೆ ಎಲ್ಲಿಂದ ಬರತ್ತೆ? ಗ್ಲಾಸು ಮೂಗಿನ ಹತ್ರಾನೇ ಬರ್ಲಿಲ್ಲ.”

“ಇಬ್ಬರಿಗೂ ಸೇರಿ ಒಂದೇ ಸೆಟ್ ಗ್ಲಾಸ್ ತಂದ್ರಿ. ಕಚ್ಚಿ ಕುಡಿದು ನಿಮಗೆ ಎಂಜಲು ಕೊಡ್ಲಾ? ನಮ್ಮಮ್ಮ ಬೈತಾರೆ.”

“ಬಿಯರ್ ಕುಡಿದಿದ್ದಕ್ಕೆ ಬೈಯಲ್ವಾ?”

“ಅದಕ್ಕೆ ಬೇರೆ ಬೈಗುಳ ಇದೆ.”

ಭಾಗೀರಥಿ ನಗು ನುಂಗಿಕೊಂಡು ಕಿಟಕಿಯತ್ತ ತಿರುಗಿದಳು.

“ನಮ್ಮ ಮದುವೆ ಸಂಬಂಧದ ವಿಷಯ ನಿಮ್ಮಮ್ಮ ಕೇಳಿದ್ರಾ?”

“ದಿನಾ ಕೇಳ್ತಾರೆ. ನಾನೇ ಇನ್ನೂ ಏನೂ ಹೇಳಿಲ್ಲ.”

ಸ್ಟಾಪ್ ಬಂತು, ಇಬ್ಬರೂ ಎದ್ದರು.

“ಶನಿವಾರ ಮತ್ತೆ ಹೋಗೋಣ. ಆ ಸೊನ್ನೆ ತಿದ್ದಬೇಕು,” ಅಂದಳು ನಿಖಿತಾ.

“ಆಯ್ತು, ಈ ಸಲ ಎರಡು ಸೆಟ್ ಹೇಳ್ತೀನಿ.”

“ಬೇಡ, ಒಂದೇ ಸಾಕು. ನಾನು ಕಚ್ಚೇ ಕುಡೀತೀನಿ.”

ಅಷ್ಟು ಹೇಳಿ ಅವಳು ಇಳಿದೇಬಿಟ್ಟಳು. ಅವನು ಕಂಬಿ ಹಿಡಿದು ನಿಂತಲ್ಲೇ ನಿಂತಿದ್ದ.

ಭಾಗೀರಥಿಗೆ ತಡೆಯಲಾಗಲಿಲ್ಲ. “ಇಳಿಯಪ್ಪಾ,” ಅಂದಳು, “ಬಾಗಿಲು ಹಾಕ್ಕೊಳ್ಳತ್ತೆ.”