ಹಸಿರು ಬಂದದ್ದು ನಿಜ

ಅಕ್ಕಾ, ಮೊದಲು ಬ್ಯಾಗ್ ಕೆಳಗಿಡು. ಹೀಗೆ ನಿಂತ್ಕೊಂಡೇ ದುರುಗುಟ್ಟಿ ನೋಡಿದ್ರೆ ನನಗೆ ಮಾತೇ ಹೊರಡಲ್ಲ. ಹಸಿರು ಬಂತು ಅಂದೆನಲ್ಲ. ನಾನೇ ಕಣ್ಣಾರೆ ನೋಡ್ದೆ.

ನೀನು ಊಟಕ್ಕೆ ಹೋದ್ಮೇಲೆ ಒಬ್ಬರು ಬಂದ್ರು. ಕ್ರಿಪ್ಟೊ ಕೊಟ್ಟು ನಗದು ತಗೊಳ್ಳೋಕೆ. ಮರ್ಯಾದಸ್ಥರು... ಕುರ್ಚಿ ಒರೆಸ್ಕೊಂಡು ಕೂತ್ರು. ಗೋಡೆ ಮೇಲೆ ನೀನು ಬರೆದು ಅಂಟಿಸಿದ್ದೀಯಲ್ಲ, 'ಅಪ್ಪನೇ ಬಂದರೂ ಮೊದಲು ತಪಾಸಣೆ', ಅದನ್ನ ಓದಿ ನಕ್ಕರು. ನೀನ್ಯಾಕೆ ನಗ್ತಿಲ್ಲ?

ನಿಯಮ ನನಗೆ ಗೊತ್ತಿಲ್ವಾ? ಗಿರಾಕಿಯ ವಾಲೆಟ್ ವಿಳಾಸ ಸಾಫ್ಟ್‌ವೇರ್‌ಗೆ ಹಾಕ್ಬೇಕು. ಸರ್ಕಾರ ನಿಷೇಧ ಹೇರಿರೋರ ದುಡ್ಡು ಅದರಲ್ಲಿ ಓಡಾಡಿದ್ರೆ ಕೆಂಪು, ಇಲ್ದಿದ್ರೆ ಹಸಿರು. ಕೆಂಪು ದುಡ್ಡು ಒಳಗೆ ಬಿಟ್ಕೊಂಡ್ರೆ ನಮ್ಮ ವಾಲೆಟ್ಟೂ ಕೆಂಪು. ಆಮೇಲೆ ಒಂದು ನರಪಿಳ್ಳೆ ಇತ್ತ ಸುಳಿಯಲ್ಲ, ಅಂಗಡಿಗೆ ಬೀಗ. ಸಾವಿರ ಸಲ ಹೇಳಿದ್ದೀಯ. ಹಾಕ್ದೆ, ಹಸಿರು ಬಂತು, ತಗೊಂಡೆ.

ನಾನು ಕೊನೆಗೆ ಹಾಕಿದ ವಿಳಾಸಾನೇ ಮತ್ತೆ ಯಾಕೆ ಒತ್ತಿ ನೋಡ್ತಿದ್ದೀಯ? ನನ್ನ ಮೇಲೆ ಅಷ್ಟೂ ನಂಬಿಕೆ...

ಕೆಂಪು.

ಇರು. ಕೊನೆಗೆ ನಾನು ಹಾಕಿದ್ದು... ಅದು ನಮ್ಮದೇ ವಾಲೆಟ್ ವಿಳಾಸ ಅಕ್ಕಾ. ಅವರ ದುಡ್ಡು ಒಳಗೆ ಬರೋ ಮುಂಚೆ ಹಸಿರಿತ್ತು, ದೇವರಾಣೆ. ಅವರದು ಹಾಕಿದಾಗ ಕೆಂಪು ಬಂತು. ಇದೇನು ಕೆಟ್ಟು ಕೂತಿದ್ಯೋ ಏನೋ ಅಂತ ನಮ್ಮದು ಹಾಕಿ ನೋಡ್ದೆ. ಹಸಿರು. ಸದ್ಯ, ಒಂದಾದ್ರೂ ಹಸಿರು ಬಂತಲ್ಲ ಅಂತ ಜೀವಕ್ಕೆ ಸಮಾಧಾನ ಆಯ್ತು. ಕಣ್ಣು ಮುಚ್ಕೊಂಡು ತಗೊಂಡೆ.

ಬೈದುಬಿಡು. ಬೈದ್ರೆ ಹಗುರಾಗುತ್ತೆ. ಯಾರು ಅಂತ ಕಣ್ಣಲ್ಲೇ ಕೇಳ್ಬೇಡ. ಮುಖಕ್ಕೆ ಹೊಡೆದ ಹಾಗೆ ಬೇಡ ಅಂತ ಹೇಗನ್ನಲಿ? ಈ ಮಳಿಗೆ ನಮಗೆ ಕೊಡಿಸಿದ್ದೇ ಅವರು... ಅಂದ್ರೆ, ಕೊಡಿಸಿದೋರ ಪೈಕಿ ಒಬ್ಬರು.

ಫೋನ್ ಯಾಕೆ ತೆಗೆದೆ? ಭಾವಂಗಾ? ಈಗ ಬೇಡ ಅಕ್ಕಾ, ಕೆಲಸದಲ್ಲಿರ್ತಾರೆ. ಬೇಡ ಅಂದೆನಲ್ಲ...

ಹೌದು. ನನಗೂ ಕೇಳಿಸ್ತಿದೆ. ಒಳಗಿನ ಕೋಣೆಯಲ್ಲೇ ರಿಂಗ್ ಆಗ್ತಿದೆ. ನೀನು ಮೆಟ್ಟಿಲು ಹತ್ತೋದು ಕಂಡು ಅಲ್ಲಿ ಹೋಗಿ ಕೂತ್ರು.

ಗೋಡೆ ಮೇಲಿನ ಚೀಟಿ ಯಾಕೆ ನೋಡ್ತಿದ್ದೀಯ ಅಕ್ಕಾ? ಅಪ್ಪ ಬಂದಿದ್ರೆ ವಾಪಸ್ ಕಳಿಸ್ತಿದ್ದೆ, ನಿನ್ನಾಣೆ. ನಿನ್ನ ಗಂಡ ಬಂದ್ರೆ ಏನ್ ಮಾಡ್ಬೇಕು ಅಂತ ನೀನು ಬರೆದೇ ಇಲ್ವಲ್ಲ.