ಡಾಕ್ಟರು ಹಾಕಿಸಿದ ಟಾಂಕಾ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮೆಲ್ಲರ ಹಿರಿಯಕ್ಕನಂತಿರುವ ಪ್ರೊಫೆಸರ್ ಅನಂತಲಕ್ಷ್ಮಿಯವರೇ, ಕಾಶಿಯ ನಮ್ಮ ಕನ್ನಡ ಬಳಗದ ಉತ್ಸಾಹಿ ಕಾರ್ಯದರ್ಶಿ ಶ್ರೀನಿಧಿಯವರೇ, ಶಿವಾಲದಿಂದ, ಭೇಲೂಪುರದಿಂದ, ವಿಶ್ವನಾಥ ಗಲ್ಲಿಯ ಗಿಜಿಗಿಜಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಸಭಿಕರೇ, ಮುಂದಿನ ಜಮಖಾನೆಯ ಮೇಲೆ ಕೂತು ಆಗಲೇ ಹಿಂದಿಯಲ್ಲಿ ಜಗಳ ಶುರು ಮಾಡಿರುವ ಮಕ್ಕಳೇ,

ಪಟ್ಟಿಯಲ್ಲಿ ಸನ್ಮಾನ ಮೊದಲು, ಭಾಷಣ ಆಮೇಲೆ ಎಂದಿತ್ತು. ನಾನೇ ಕೇಳಿಕೊಂಡು ಅದಲು ಬದಲು ಮಾಡಿಸಿದ್ದೇನೆ. ಮಾತು ಮುಗಿದ ಮೇಲೂ ಸನ್ಮಾನ ಮಾಡಬೇಕೆನಿಸಿದರೆ ಮಾಡಿ, ಇಲ್ಲವಾದರೆ ನೇರವಾಗಿ ಊಟಕ್ಕೆ ಏಳಿ. ನನಗೆ ಎರಡೂ ಸಂತೋಷವೇ.

ನನಗೆ ಕೊಟ್ಟಿರುವ ವಿಷಯ, 'ಮನೆಯಲ್ಲಿ ಲೋಹದ ಕೆಲಸ: ಹವ್ಯಾಸಿಗಳಿಗೆ ಕೆಲವು ಸಲಹೆಗಳು'. ಮೂವತ್ತೊಂದು ವರ್ಷ ಈ ಊರಿನ ಜನರ ಹೊಟ್ಟೆ ಕೊಯ್ದು ಹೊಲಿದ ದಾವಣಗೆರೆಯ ಗೋಪಿನಾಥನಿಗೆ ಲೋಹದ ವಿಷಯ ಏನು ಗೊತ್ತು ಎಂದು ಹೊಸಬರು ಕೇಳಬಹುದು. ನಿವೃತ್ತಿಯಾದ ವಾರವೇ ನಾನೊಂದು ಲೋಹ ಕಡೆಯುವ ಪುಟ್ಟ ಲೇತ್ ಯಂತ್ರ ತರಿಸಿದೆ. ಭೇಲೂಪುರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅದು ಕೂತಿತು. ವಸುಮತಿಯ ಉಪ್ಪಿನಕಾಯಿ ಭರಣಿಗಳು ಕೆಳಗಿಳಿದವು. ಆಕೆಯೇ ಅವನ್ನು ಇಳಿಸಿಕೊಂಡಳು. ಮೂವತ್ತು ವರ್ಷ ಮನೆಯಲ್ಲಿ ಕಾಣದ ಗಂಡ ಮಹಡಿಯ ಮೇಲಾದರೂ ಇದ್ದಾನಲ್ಲ ಎಂದುಕೊಂಡಿರಬೇಕು.

ಸಲಹೆಗಳಿಗೆ ಬರುತ್ತೇನೆ. ಲೇತ್ ತಿರುಗುವಾಗ ಕೈಗವಸು ಬೇಡ. ಸಡಿಲ ತೋಳು ಬೇಡ, ಸೆರಗು ಬೇಡ, ಹೆಗಲ ಮೇಲೆ ಉತ್ತರೀಯ ಬೇಡ. ನಮ್ಮ ಬಳಗದಲ್ಲಿ ಅರ್ಧ ಜನ ಪೌರೋಹಿತ್ಯದವರು, ಆದ್ದರಿಂದ ಜನಿವಾರವನ್ನೂ ಸೇರಿಸಿ ಹೇಳುತ್ತೇನೆ: ಅಂಗಿಯ ಒಳಗಿರಲಿ. ಕನ್ನಡಕ ಹಾಕಿಕೊಳ್ಳಿ. ಓದುವ ಕನ್ನಡಕ ಅಲ್ಲ, ಕಣ್ಣಿಗೆ ಚೂರು ಸಿಡಿಯದಂತೆ ತಡೆಯುವ ಕನ್ನಡಕ. ಲೋಹದ ತುಂಡನ್ನು ಹಿಡಿಯುವ ಚಕ್ ಬಿಗಿ ಮಾಡುವ ಕೀಲಿಯನ್ನು ಅದರಲ್ಲೇ ಮರೆತು ಸ್ವಿಚ್ ಹಾಕಬೇಡಿ. ಹೊಟ್ಟೆ ಹೊಲಿಯುವ ಮೊದಲು ನಾವು ಬಟ್ಟೆ, ಕತ್ತರಿ ಎಲ್ಲವನ್ನೂ ಎಣಿಸುತ್ತೇವೆ. ನಾನು ಸ್ವಿಚ್ ಹಾಕುವ ಮೊದಲೂ ಕೀಲಿ ಎಲ್ಲಿದೆ ಎಂದು ನೋಡುತ್ತೇನೆ.

ಅರದ ವಿಷಯ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ಆರು ತಿಂಗಳು ಮತ್ತು ನಾಲ್ಕು ಅರ ಬೇಕಾಯಿತು. ಹಿತ್ತಾಳೆಗೆ ಬಳಸುವ ಅರವನ್ನು ಉಕ್ಕಿಗೆ ಬಳಸಬೇಡಿ, ಹೊಸ ಅರದ ಮೊದಲ ಹರಿತ ಹಿತ್ತಾಳೆಗೇ ಮೀಸಲಿರಲಿ. ಮೊದಲ ಕೆಲಸಕ್ಕೆ ಎಂಜಿನ್ನನ್ನೇ ಕಟ್ಟಲು ಹೋಗಬೇಡಿ. ಒಂದು ಸುತ್ತಿಗೆ ಮಾಡಿ, ಒಂದು ಸಣ್ಣ ಹಿಡಿಕೆ ಮಾಡಿ. ನಾನು ಮಾಡಿದ ಮೊದಲ ವಸ್ತು ದೇವರ ಮನೆಯ ಬಾಗಿಲಿನ ಚಿಲಕ. ಅದು ಇಂದಿಗೂ ಮುಚ್ಚುವುದಿಲ್ಲ. ದೇವರು ಹೊರಗೆ ಹೋಗುವವನಲ್ಲ ಎಂಬ ಧೈರ್ಯದ ಮೇಲೆ ಬಿಟ್ಟಿದ್ದೇವೆ.

ಈಗ ಬಾಯ್ಲರ್. ಇಲ್ಲಿಂದ ಮುಂದೆ ನಾನು ಬರೆದು ತಂದಿರುವ ಕಾಗದ ಬೇಡ, ಮಡಚಿ ಇಡುತ್ತೇನೆ.

ನಿಮಗೆಲ್ಲ ನೆನಪಿದೆ. ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಇದೇ ವೇದಿಕೆಯ ಮೇಲೆ ನಾನು ಕಟ್ಟಿದ ಪುಟ್ಟ ಉಗಿಯಂತ್ರ ಓಡಬೇಕಿತ್ತು. ಓಡಲಿಲ್ಲ. ಆಗ ಕಾರ್ಯದರ್ಶಿಯಾಗಿದ್ದವರು ಶಿವಾಲದ ನರಸಿಂಹಾಚಾರ್ಯರು. ಮೂರು ತಲೆಮಾರಿನಿಂದ ಕಾಶಿಯಲ್ಲಿದ್ದು, ದಕ್ಷಿಣದಿಂದ ಬರುವ ಯಾತ್ರಿಕರ ಶ್ರಾದ್ಧ ಕರ್ಮ ಮಾಡಿಸುವವರು, ಹನ್ನೊಂದು ವರ್ಷ ಈ ಬಳಗ ನಡೆಸಿದವರು. ಅವರು ಬೆಳಗ್ಗೆ ಹತ್ತು ಗಂಟೆಗೆ ಬೇಡ ಎಂದರು. ಕಾರಣ ಕೇಳಿದವರಿಗೆಲ್ಲ, ಸಭಾಂಗಣದೊಳಗೆ ಬೆಂಕಿ ಹೊತ್ತಿಸುವುದು ಸರಿಯಲ್ಲ ಎಂದಷ್ಟೇ ಹೇಳಿದರು. ನಾನು ಮೈಕು ಹಿಡಿದು ಏನೆಂದೆ ಎಂಬುದೂ ನಿಮಗೆ ನೆನಪಿದೆ. ಆಚಾರ್ಯರಿಗೆ ಹೋಮದ ಬೆಂಕಿ ಆಗುತ್ತದೆ, ಉಗಿಯ ಬೆಂಕಿ ಮಡಿಗೆ ಬರುವುದಿಲ್ಲ ಎಂದೆ. ನೀವು ನಕ್ಕಿರಿ. ಆಮೇಲೆ ಸಮಿತಿ ಸೇರಿತು. ಕಾರ್ಯದರ್ಶಿಯ ಅನಗತ್ಯ ಹಠದಿಂದ ಪ್ರದರ್ಶನ ರದ್ದಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದವನೂ ನಾನೇ. ಅವರು ಬೀಗದಕೈ ಗೊಂಚಲು ಮೇಜಿನ ಮೇಲಿಟ್ಟು ಎದ್ದು ಹೋದರು.

ನಾನು ಇಂದು ಹೇಳಬೇಕಾದ ಸಲಹೆ ಒಂದೇ ಒಂದು, ಅದು ಒಂದು ಪದದ ವಿಷಯ. ಟಾಂಕಾ.

ಇಲ್ಲಿ ಹುಟ್ಟಿದ ಮಕ್ಕಳಿಗೂ ಈ ಪದ ಗೊತ್ತು. ಮಂಡಿ ಕಿತ್ತುಕೊಂಡು ಬಂದರೆ ಡಾಕ್ಟರು ಹಾಕುವುದು ಟಾಂಕಾ. ದರ್ಜಿ ಹಾಕುವುದೂ ಟಾಂಕಾ. ಲೋಹಕ್ಕೆ ಲೋಹ ಬೆಸೆದರೆ ಅದೂ ಟಾಂಕಾ. ಮೂವತ್ತೊಂದು ವರ್ಷ ದಿನಕ್ಕೆ ನೂರು ಸಲ ಈ ಪದ ಆಡಿದವನು ನಾನು. ಈ ಪದ ನನ್ನದು ಎಂದೇ ತಿಳಿದಿದ್ದೆ.

ಬಾಯ್ಲರ್ ಎಂದರೆ ತಾಮ್ರದ ಒಂದು ಕೊಳವೆ, ಅದರ ಎರಡೂ ತುದಿಗೆ ತಾಮ್ರದ ಬಿಲ್ಲೆ. ಆ ಬಿಲ್ಲೆಗಳನ್ನು ಬೆಳ್ಳಿ ಬೆರೆತ ಬೆಸುಗೆಯಲ್ಲೇ ಕೂಡಿಸಬೇಕು. ತಾಮ್ರ ಕೆಂಪಗೆ ಕಾಯುವವರೆಗೂ ಅದು ಕರಗುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆದರೆ ನನ್ನ ಗ್ಯಾಸಿನ ಉರಿ ಸಣ್ಣದು. ತಾಮ್ರ ಒಂದು ಕಡೆ ಕಾದರೆ ಇನ್ನೊಂದು ಕಡೆಗೆ ಶಾಖ ಓಡುತ್ತದೆ. ಎರಡು ಸಲ ಮಾಡಿ ಎರಡು ಸಲವೂ ಸೋತೆ. ವಾರ್ಷಿಕೋತ್ಸವಕ್ಕೆ ನಾಲ್ಕೇ ದಿನ ಉಳಿದಿತ್ತು.

ವಿಶ್ವನಾಥ ಗಲ್ಲಿಯಲ್ಲಿ ಯಾತ್ರಿಕರ ಗಂಗೆಯ ಗಿಂಡಿಗಳಿಗೆ ಬಾಯಿ ಮುಚ್ಚಿ ಕೊಡುವವರಿದ್ದಾರಲ್ಲ, ಅವರಲ್ಲಿ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಪಕ್ಕಾ ಟಾಂಕಾ ಹಾಕಿ ಎಂದೆ. ಅವರು ಹಾಕಿದರು, ಅರ್ಧ ಗಂಟೆಯಲ್ಲಿ ಹೊಳೆಯುವ ಟಾಂಕಾ. ಅವರ ತಪ್ಪು ಎಳ್ಳಷ್ಟೂ ಇಲ್ಲ. ಕೇಳಿದ್ದನ್ನು ಕೊಟ್ಟರು. ಅವರಿಗೆ ಟಾಂಕಾ ಎಂದರೆ ತವರದ ಬೆಸುಗೆ, ಗಿಂಡಿಯ ಬಾಯಿಗೆ ಹಾಕುವುದು. ಚಾಂದೀ ಕಾ ಟಾಂಕಾ, ಅಂದರೆ ಬೆಳ್ಳಿಯ ಬೆಸುಗೆ, ಎಂದಿದ್ದರೆ ಅಕ್ಕಸಾಲಿಗರ ಅಂಗಡಿ ತೋರಿಸುತ್ತಿದ್ದರು. ಇನ್ನೆರಡು ಪದ ಸಾಕಾಗಿತ್ತು.

ಮನೆಗೆ ಬಂದು ನೀರಿನ ಪರೀಕ್ಷೆ ಮಾಡಿದೆ. ಇದನ್ನು ಯಾರೂ ತಪ್ಪಿಸಬಾರದು, ಬರೆದುಕೊಳ್ಳಿ. ಬಾಯ್ಲರಿನ ತುಂಬ ತಣ್ಣೀರು ತುಂಬಿ, ಗಾಳಿ ಒಂದಿಷ್ಟೂ ಉಳಿಯದಂತೆ ನೋಡಿ, ಕೈ ಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟು ಒತ್ತಡ ಕೊಡಬೇಕು. ಕೊಟ್ಟೆ. ಒಂದು ಹನಿ ಸೋರಲಿಲ್ಲ. ಅದೇ ಸಂಜೆ ಕಪ್ಪು ಬಣ್ಣ ಬಳಿದೆ. ಅಷ್ಟು ಅವಸರದಲ್ಲಿ ಬಣ್ಣ ಯಾಕೆ ಬಳಿದೆ? ಅಂದಕ್ಕೆ ಎಂದು ವಸುಮತಿಗೆ ಹೇಳಿದ್ದೆ. ಬೆಸುಗೆಯ ಬಣ್ಣ ಪುಸ್ತಕದಲ್ಲಿ ಹೇಳಿದಂತಿರಲಿಲ್ಲ. ಕಣ್ಣಿಗೆ ಬಿದ್ದಿತ್ತು. ಬಣ್ಣ ಬಳಿದ ಮೇಲೆ ಬೀಳಲಿಲ್ಲ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು, ಇರಲಿ.

ಆ ಬೆಳಗ್ಗೆ ನರಸಿಂಹಾಚಾರ್ಯರು ಕುರ್ಚಿ ಹಾಕಿಸುತ್ತ ವೇದಿಕೆಗೆ ಬಂದವರು ಯಂತ್ರವನ್ನು ಎತ್ತಿ ನೋಡಿದರು. ತಳಕ್ಕೆ ಬಣ್ಣ ಹತ್ತಿರಲಿಲ್ಲ. ಅಲ್ಲಿನ ಬೆಸುಗೆಯ ಮೇಲೆ ಉಗುರಿನಿಂದ ಎಳೆದರು, ಗೀರು ಬಿತ್ತು. ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಾತನ್ನು ಅವರು ಆಡಿದ ಹಾಗೆಯೇ ಹೇಳುತ್ತೇನೆ.

"ಡಾಕ್ಟರ್ ಸಾಹೇಬ್ರ, ಇದು ನಮ್ಮ ಗಿಂಡಿ ಟಾಂಕಾ ಅದ. ತಣ್ಣಗಿದ್ದಾಗ ರೈಲಿನಾಗ ಎರಡು ದಿನ ಹೋದ್ರೂ ಒಂದು ಹನಿ ಸೋರೂದಿಲ್ಲ. ಊರಿಗೆ ಹೋಗಿ ಗಂಗಾಪೂಜಾ ದಿನ ದೀಪ ಹಿಡದ್ರ ಸಾಕು, ಬಿಡ್ತದ. ಬಿಡ್ಲಿ ಅಂತನೇ ಹಾಕ್ತಾರ ಇದನ್ನ."

ಸಭಿಕರೇ, ಇದಕ್ಕಿಂತ ಸ್ಪಷ್ಟವಾಗಿ ಯಾವ ಎಂಜಿನಿಯರು ಹೇಳಬಲ್ಲರು? ಯಾವ ಪುಸ್ತಕ ಹೇಳಬಲ್ಲದು? ನಾನು ಕೇಳಿಸಿಕೊಳ್ಳಲಿಲ್ಲ. ಪರೀಕ್ಷೆ ಮಾಡಿದ್ದೇನೆ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದೆ. ತಣ್ಣೀರಿನ ಪರೀಕ್ಷೆ ಬೆಸುಗೆಯ ಬಿಗಿಯನ್ನು ಹೇಳುತ್ತದೆ, ಅದು ಯಾವ ಶಾಖಕ್ಕೆ ಸೋಲುತ್ತದೆ ಎಂಬುದನ್ನು ಹೇಳುವುದಿಲ್ಲ. ನನಗೆ ಅದು ಹೊಳೆಯಲಿಲ್ಲ, ಅವರಿಗೆ ಹೊಳೆಯಿತು. ದಿನಕ್ಕೆ ಹತ್ತು ಗಿಂಡಿ ಕಟ್ಟಿಸಿ ಕಳಿಸುವ ಮನುಷ್ಯ ಅವರು.

ಆರು ವಾರದ ನಂತರ, ಡಿಸೆಂಬರಿನ ಒಂದು ಮಧ್ಯಾಹ್ನ, ಹಠಕ್ಕೆ ಬಿದ್ದು ನಮ್ಮ ಮಹಡಿಯ ಮೇಲೆ ಅದನ್ನು ಹೊತ್ತಿಸಿದೆ. ಓಡಿತು. ಎಷ್ಟು ಚೆನ್ನಾಗಿ ಓಡಿತು ಎಂದರೆ ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ. ಬಿಲ್ಲೆಗೆ ನೇರವಾಗಿ ಒಂದು ಬೆತ್ತದ ಮೋಢಾ ಹಾಕಿಕೊಂಡು ಕೂತಿದ್ದೆ. ಒಳಗೆ ನೀರಿರುವವರೆಗೆ ಬೆಸುಗೆಗೆ ಕರಗುವಷ್ಟು ಶಾಖ ತಾಗುವುದಿಲ್ಲ. ನೀರು ಇಳಿಯುತ್ತ ಬಂದಿತ್ತು, ನಾನು ನೀರಿನ ಮಟ್ಟ ನೋಡದೆ ಚಕ್ರ ನೋಡುತ್ತಿದ್ದೆ. ಅಷ್ಟರಲ್ಲಿ ವಸುಮತಿ ಕೆಳಗಿನಿಂದ ಕರೆದಳು. ಮಗಳ ಫೋನು. ಬರುವುದಿಲ್ಲ ಎಂದೆ. ಎರಡನೆಯ ಸಲ ಕರೆದಳು. ಗೊಣಗಿಕೊಂಡು ಎದ್ದೆ. ಏಳನೆಯ ಮೆಟ್ಟಿಲಲ್ಲಿದ್ದಾಗ ಸದ್ದಾಯಿತು.

ಮೇಲೆ ಹೋಗಿ ನೋಡಿದರೆ ಮೋಢಾ ಉರುಳಿ ಬಿದ್ದಿತ್ತು, ಅದರ ಬೆನ್ನಿನ ಬೆತ್ತ ಹರಿದು ಹೋಗಿತ್ತು. ಬಿಲ್ಲೆ ಆಚೆಯ ಗೋಡೆಗೆ ಬಡಿದು ಅಲ್ಲಿ ಗಾರೆ ಉದುರಿತ್ತು. ಕುದಿನೀರು ಎಲ್ಲೆಡೆ. ಬೀದಿಯವರು ಕೇಳಿದರೆ ಕುಕ್ಕರ್ ಸಿಡಿಯಿತು ಎಂದೆ. ವಸುಮತಿಯ ಅಡುಗೆಯ ಹೆಸರು ಕೆಟ್ಟಿತು, ಅವಳು ಅದನ್ನೂ ಸಹಿಸಿಕೊಂಡಳು. ಒಂದು ವಾರ ನಮ್ಮ ಮಹಡಿಗೆ ಮಂಗಗಳು ಬರಲಿಲ್ಲ, ಆ ಒಂದು ಲಾಭವಾಯಿತು.

ಮರುದಿನ ಅಳತೆಪಟ್ಟಿ ಹಿಡಿದು ಅಳೆದೆ. ಬಿಲ್ಲೆ ಹಾರಿದ್ದು ಹತ್ತೊಂಬತ್ತು ಅಡಿ. ಈ ವೇದಿಕೆಯ ಅಂಚಿನಿಂದ ಆ ಜಮಖಾನೆಗೆ ಐದು ಅಡಿ. ಹೋದ ವರ್ಷ, ಮಕ್ಕಳು ಹತ್ತಿರ ಕೂತರೆ ಚೆನ್ನಾಗಿ ಕಾಣುತ್ತದೆ ಎಂದು ಅದನ್ನು ಮುಂದಕ್ಕೆ ಎಳೆಸಿದವನು ನಾನು. ಗ್ರೀಷ್ಮಾ, ನಿಮ್ಮ ಅವಳಿ ಮಕ್ಕಳು ಸರಿಯಾಗಿ ನಡುವೆ ಕೂತಿದ್ದರು. ಅಂದಿನಿಂದ ಇಂದಿನವರೆಗೆ ಒಬ್ಬರನ್ನು ಬಿಟ್ಟು ಹೊರಗೆ ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಈಗ ಹೇಳಿದೆ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ರೋಗಿಗಳು ನನ್ನ ಮುಂದೆ ಎಷ್ಟೋ ಸಲ ಆ ಮಾತು ಹೇಳಿದ್ದಾರೆ. ಅದು ಹೇಗಿರುತ್ತದೆ ಎಂದು ಇಂದು ನನಗೆ ಗೊತ್ತಾಯಿತು. ಯಾರಿಗೂ ಏನೂ ಆಗಲಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಯಾರಿಗೂ ಏನೂ ಆಗಲಿಲ್ಲ.

ಸನ್ಮಾನದ ಕಾಗದ ಬಂದ ದಿನ ಶಿವಾಲಕ್ಕೆ ಹೋದೆ. ವರ್ಷದ ಮೇಲೆ ಅವರ ಮನೆಯ ಮೆಟ್ಟಿಲು ಹತ್ತಿದ್ದು ಅಂದೇ. ಆಚಾರ್ಯರು ಯಾತ್ರಿಕರ ಗಿಂಡಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು, ಸುಟ್ಟ ಗಾಯ ಏನಾದರೂ ಇದೆಯೇ ಎಂದು. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಕೂರಲು ಹೇಳಿದರು.

ನನಗೆ ಒಂದು ಪ್ರಶ್ನೆ ಉಳಿದಿತ್ತು. ಸಮಿತಿಯಲ್ಲಿ ಅಷ್ಟು ಜನರ ಮುಂದೆ ನಾನು ಅಷ್ಟೆಲ್ಲ ಅಂದಾಗ ನಿಜವಾದ ಕಾರಣ ಯಾಕೆ ಹೇಳಲಿಲ್ಲ? ಒಂದು ವಾಕ್ಯ ಹೇಳಿದ್ದರೆ ಸಾಕಿತ್ತಲ್ಲ? ಅವರು ಕೈಯಲ್ಲಿದ್ದ ಗಿಂಡಿಯನ್ನು ಒರೆಸಿ ಸಾಲಿಗೆ ಸೇರಿಸಿದರು.

"ಹೆಂಗ ಹೇಳ್ಲಿ? ಡಾಕ್ಟರ್ ಸಾಹೇಬರ ಟಾಂಕಾ ಕಚ್ಚಾ ಅದ ಅಂತ ಒಂದು ಮಾತು ಗಲ್ಲಿಯೊಳಗ ಬಿದ್ರ, ಅದು ಬಾಯ್ಲರಿಂದೋ ಹೊಟ್ಟೀದೋ ಅಂತ ಯಾರು ಕೇಳ್ತಾರ? ನೀವು ಹೊಲಿದ ಮಂದಿ ಈ ಊರಾಗ ಸಾವಿರಾರು ಇದ್ದಾರ. ಎಲ್ಲರೂ ಹೊಟ್ಟಿ ಮುಟ್ಟಿ ನೋಡ್ಕೋತಾರ."

ಆಮೇಲೆ ತಮ್ಮ ಪಂಚೆಯ ಮೇಲೆ, ಸೊಂಟದ ಬಲಬದಿಗೆ ಕೈ ಇಟ್ಟು, ನಂದೂ ಸೇರಿ ಎಂದರು. ಹದಿನಾಲ್ಕು ವರ್ಷದ ಹಿಂದೆ ಅವರ ಹರ್ನಿಯಾ ಹೊಲಿದವನು ನಾನು. ನನಗೆ ಮರೆತೇ ಹೋಗಿತ್ತು.

ಅಧ್ಯಕ್ಷರೇ, ನನ್ನದೊಂದು ಬೇಡಿಕೆ ಇದೆ. ಹೋದ ವರ್ಷದ ನಡಾವಳಿಯಲ್ಲಿ 'ಕಾರ್ಯದರ್ಶಿಯ ಅನಗತ್ಯ ಹಠದಿಂದ' ಎಂಬುದನ್ನು ಹೊಡೆದು ಹಾಕಿ, 'ಡಾಕ್ಟರ್ ಗೋಪಿನಾಥರು ಬಾಯ್ಲರಿಗೆ ತಪ್ಪು ಟಾಂಕಾ ಹಾಕಿಸಿದ್ದರಿಂದ' ಎಂದು ಬರೆಸಬೇಕು. ಗಲ್ಲಿಯಲ್ಲಿ ಸುದ್ದಿಯಾದರೆ ಆಗಲಿ. ನನ್ನ ಹತ್ತಿರ ಹೊಲಿಸಿಕೊಂಡವರು ಗಾಬರಿಯಾಗಬೇಡಿ, ಆ ಟಾಂಕಾಗಳು ಬೇರೆ, ದೀಪ ಹಿಡಿದರೆ ಬಿಡುವುದಿಲ್ಲ.

ಬಾಯ್ಲರನ್ನು ಹೊಸ ತಾಮ್ರದಲ್ಲಿ ಮತ್ತೆ ಮಾಡಿದ್ದೇನೆ, ದೊಡ್ಡ ಉರಿಯಲ್ಲಿ, ಬೆಳ್ಳಿಯ ಬೆಸುಗೆಯಲ್ಲಿ. ತಣ್ಣೀರಿನ ಪರೀಕ್ಷೆ ಆಗಿದೆ, ಆಮೇಲೆ ಉಗಿಯ ಪರೀಕ್ಷೆಯೂ ಆಗಿದೆ, ಗೋಡೆಯ ಮರೆಯಲ್ಲಿ ನಿಂತು. ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಕವಾಟವಿದೆ. ಬಣ್ಣ ಬಳಿದಿಲ್ಲ. ಮೊನ್ನೆ ನರಸಿಂಹಾಚಾರ್ಯರು ಮನೆಗೆ ಬಂದು ಪ್ರತಿಯೊಂದು ಬೆಸುಗೆಯನ್ನೂ ಉಗುರಿನಿಂದ ಗೀರಿ ನೋಡಿದರು, ಗೀರು ಬೀಳಲಿಲ್ಲ. ಈಗ ಹೊರಗಿನ ಅಂಗಳದಲ್ಲಿ ಯಂತ್ರ ಇಟ್ಟಿದ್ದೇವೆ, ಇಪ್ಪತ್ತೈದು ಅಡಿ ದೂರಕ್ಕೆ ಹಗ್ಗ ಕಟ್ಟಿದ್ದೇವೆ. ನೀವೇ ಬೆಂಕಿ ಹಚ್ಚಬೇಕು ಎಂದು ಅವರನ್ನು ಬೇಡಿಕೊಂಡೆ. ಒಂದು ಷರತ್ತಿನ ಮೇಲೆ ಒಪ್ಪಿದ್ದಾರೆ: ಅವರು ಹಚ್ಚಿ ಆಚೆ ಬರುವವರೆಗೂ ಡಾಕ್ಟರು ಮಕ್ಕಳ ಜೊತೆ ಹಗ್ಗದ ಹಿಂದೆ ನಿಂತಿರಬೇಕು, ಯಾರು ಕರೆದರೂ ಮುಂದೆ ಬರಕೂಡದು.

ಒಪ್ಪಿದ್ದೇನೆ. ಮಕ್ಕಳೇ, ನನಗೂ ಒಂದಿಷ್ಟು ಜಾಗ ಬಿಡಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆ, ಅಂದು ಎರಡನೆಯ ಸಲವೂ ಕರೆದ ವಸುಮತಿಗೆ, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನಮ್ಮ ಆಚಾರ್ಯರಿಗೆ ನನ್ನ ಕೃತಜ್ಞತೆಗಳು. ಆಚಾರ್ರೇ, ತಲೆ ಎತ್ತಿ, ನಾನು ಕೈ ಮುಗಿಯುತ್ತಿರುವುದು ನಿಮಗೆ.

ನಮಸ್ಕಾರ.