ಬೂತಾಯಿ ಎಣ್ಣೆಯ ಲಾರಿ

ಅಲ್ಲ, ಅದೆಲ್ಲ ಇರಲಿ, ಮೊದಲು ನೀವೇ ಹೇಳಿ ನೋಡುವ. ಒಂದು ಲಾರಿ. ಅದರ ಹಿಂದೆ ಕಬ್ಬಿಣದ ಟ್ರಾಲಿ, ಟ್ರಾಲಿಯ ಮೇಲೆ ನಮ್ಮ ಈ ಮನೆಗಿಂತ ಉದ್ದದ ಮೀನಿನ ಬೋಟು. ನದಿಯಿಂದ ಮೇಲೆ ಹತ್ತುವ ಇಳಿಜಾರಿನ ಸರೀ ನಡುವಿನಲ್ಲಿ ಲಾರಿ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಇಂಜಿನ್ ಓಡ್ತಾ ಉಂಟು, ಡೀಸೆಲ್ ಉಂಟು, ಟಯರು ಗಟ್ಟಿ ಉಂಟು. ಹಿಂದೆಯೂ ಹೋಗುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ನಿಲ್ಲಿಸಿದ್ದು ಯಾರು? ಗೇರ್‌ಬಾಕ್ಸ್ ಅಲ್ಲ. ಪೊಲೀಸ್ ಅಲ್ಲ ಮಾರಾಯ್ತಿ, ಬೋಟು ಎಳೆಯುವಲ್ಲಿ ಪೊಲೀಸರಿಗೆ ಎಂತ ಕೆಲಸ. ಭೂತವೂ ಅಲ್ಲ, ಹಾಗೆ ಹೇಳಿದವರು ಅಲ್ಲಿ ಒಬ್ಬರಿದ್ದರು ಅನ್ನಿ. ಆಯ್ತು, ನೀವು ಯೋಚನೆ ಮಾಡ್ತಾ ಇರಿ, ನಾನು ಹೇಳ್ತಾ ಹೋಗ್ತೇನೆ.

ನಿಮ್ಮ ಅಪ್ಪ ದುಬೈಯ ಕೆಲಸ ಹೋಗಿ ಬಂದು ಮನೆಯಲ್ಲಿ ಕೂತಿದ್ದನಲ್ಲ, ಆ ವರ್ಷಗಳು. ನಿಮಗೆ ನೆನಪಿರಲಿಕ್ಕಿಲ್ಲ, ಒಬ್ಬಳು ಯುಕೆಜಿ, ಇನ್ನೊಬ್ಬ ತೊಟ್ಟಿಲಲ್ಲಿ. ನನಗೆ ರಿಟೈರ್ ಆಗಿತ್ತು, ಖಾಸಗಿ ಆಫೀಸು, ಪಿಂಚಣಿ ಅಂತ ಏನೂ ಇಲ್ಲ. ಅಜ್ಜಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅದೇ ಗಂಜಿಗೆ ಚಟ್ನಿ, ರಾತ್ರಿ ಅದೇ ಗಂಜಿಗೆ ಬೇರೆ ಹೆಸರು. ಆಗ ನಮ್ಮನ್ನು ಸಾಕಿದ್ದು ಆ ಲಾರಿ. ಮಿಲಿಟರಿಯವರು ಹರಾಜು ಹಾಕಿದಾಗ ನನ್ನ ಅಣ್ಣ ಹಿಡಿದದ್ದು, ಉದ್ದ ಮೂತಿ, ಆರು ಚಕ್ರಕ್ಕೂ ಎಳೆತ, ನಿಮ್ಮ ಅಪ್ಪನಿಗಿಂತ ಅದಕ್ಕೆ ಪ್ರಾಯ ಹೆಚ್ಚು. ಅಣ್ಣ ಹೋದ ಮೇಲೆ ಅದರಲ್ಲಿ ಅರ್ಧ ಪಾಲು ನನ್ನದು, ಅರ್ಧ ಉಳ್ಳಾಲದ ಹಮ್ಮಬ್ಬನದು. ಹಮ್ಮಬ್ಬ ಅಣ್ಣನ ಕಾಲದಿಂದಲೂ ಪಾಲುದಾರ, ಬ್ಯಾರಿ, ನನಗಿಂತ ಒಂದೆರಡು ವರ್ಷ ಚಿಕ್ಕವ, ಬಾಯಿ ಮಾತ್ರ ನನಗಿಂತ ದೊಡ್ಡದು. ಸ್ಟೀರಿಂಗ್ ಹಿಡಿಯುವುದು ನಾನು, ಕೆಳಗಿನ ಕೆಲಸ ಅವನದು. ಮಳೆಗಾಲಕ್ಕೆ ಮೊದಲು ಬೋಟುಗಳನ್ನೆಲ್ಲ ನೀರಿನಿಂದ ಮೇಲೆ ತರಬೇಕು ಅಲ್ವಾ, ಮಳೆ ಮುಗಿದ ಮೇಲೆ ಪುನಃ ಇಳಿಸಬೇಕು. ನಡುವೆ ಎಲ್ಲಿಯಾದರೂ ಟ್ಯಾಂಕರ್ ಹೊಂಡಕ್ಕೆ ಬಿದ್ದರೆ ಅದನ್ನು ಎಳೆಯುವುದು. ಎರಡು ಮನೆಯ ಒಲೆ ಉರಿಯುತ್ತಿದ್ದದ್ದು ಇದರಲ್ಲಿ.

ಹಳೇ ಡೀಸೆಲ್ ಲಾರಿ ಇಟ್ಟುಕೊಳ್ಳುವುದು ಅಂದರೆ ಮನೆಯಲ್ಲಿ ಒಬ್ಬರು ಸಿಡುಕಿನ ಅಜ್ಜನನ್ನು ಇಟ್ಟುಕೊಂಡ ಹಾಗೆ. ನಗಬೇಡಿ, ನಾನಲ್ಲ. ಬೆಳಿಗ್ಗೆ ಎಬ್ಬಿಸಿದ ಕೂಡಲೇ ಓಡಿಸಬಾರದು, ಸ್ವಲ್ಪ ಹೊತ್ತು ಕೆಮ್ಮಲಿಕ್ಕೆ ಬಿಡಬೇಕು. ಡೀಸೆಲ್‌ನಲ್ಲಿ ನೀರು ಸೇರ್ತದೆ, ನಮ್ಮ ಊರಿನ ಗಾಳಿಯೇ ಹಾಗೆ, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಆ ನೀರನ್ನು ಆಗಾಗ ಬಿಡಬೇಕು. ರೇಡಿಯೇಟರಿನ ಒಳಗೆ ಕಿಟ್ಟ, ಇಂಜೆಕ್ಟರಿನ ಬಾಯಲ್ಲಿ ಮಸಿ. ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪು. ಬೋಟು ಹತ್ತಿಸುವಾಗ ಹಿಂದಿನ ಚಕ್ರ ಅಳಿವೆಯ ನೀರಿನಲ್ಲಿ ಮುಳುಗ್ತದೆ, ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯದಿದ್ದರೆ ಮುಂದಿನ ವಾರ ಕೈಯಲ್ಲಿ ತುಕ್ಕು ಉದುರ್ತದೆ, ಹುರಿಟ್ಟಿನ ಹಾಗೆ. ನಾನು ಬಿ.ಎಸ್ಸಿ. ಓದಿದವ, ಉಪ್ಪುನೀರು ಕಬ್ಬಿಣಕ್ಕೆ ಎಂತ ಮಾಡ್ತದೆ ಅಂತ ಹಮ್ಮಬ್ಬನಿಗೆ ಸಮೀಕರಣ ಬರೆದು ತೋರಿಸಿದ್ದೆ. ಅವ ಕಾಗದ ತಿರುಗಿಸಿ ನೋಡಿ, ಇದನ್ನು ಲಾರಿಗೆ ಅಂಟಿಸಿದರೆ ತುಕ್ಕು ನಿಲ್ತದಾ ಅಂತ ಕೇಳಿದ. ಅಂದಿನಿಂದ ಅವ ನನ್ನನ್ನು ಕರೆಯುವುದೇ 'ಬಿಎಸ್ಸಿ' ಅಂತ. ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಇಲ್ಲ, ಒಮ್ಮೆ ಕರೆದಿದ್ದ, ಅದು ಮುಂದೆ ಬರ್ತದೆ.

ಆ ವರ್ಷ ಹಮ್ಮಬ್ಬನಿಗೆ ಸಾಕಾಗಿತ್ತು. ಮೊಣಕಾಲು ನೋವು. ಮಗ ತೊಕ್ಕೊಟ್ಟಿನಲ್ಲಿ ಮೊಬೈಲ್ ಕವರಿನ ಅಂಗಡಿ ಇಟ್ಟಿದ್ದ, ಬಾಪ ಬಂದು ಫ್ಯಾನಿನ ಕೆಳಗೆ ಕೂತುಕೊಳ್ಳಲಿ ಅಂತ ದಿನಾ ಹೇಳ್ತಿದ್ದ. ಹಮ್ಮಬ್ಬ ಗುಜರಿಯವನನ್ನು ಕರೆತಂದು ಲಾರಿ ತೋರಿಸಿಯೂ ಆಗಿತ್ತು. ಆ ಗುಜರಿಯವ ಲಾರಿಯ ಮೂತಿಗೆ ಎರಡು ಸಲ ತಟ್ಟಿದ, ದನದ ವ್ಯಾಪಾರಕ್ಕೆ ಬಂದವನ ಹಾಗೆ. ಹಮ್ಮಬ್ಬನಿಗೆ ಮಗನ ಅಂಗಡಿ ಉಂಟು, ನನಗೆ ಎಂತ ಉಂಟು? ಈ ಪ್ರಾಯದಲ್ಲಿ ಯಾರು ಕೆಲಸ ಕೊಡ್ತಾರೆ? ನಾನು ಹೇಳಿದೆ, ಇದೊಂದು ಸೀಸನ್ ನೋಡುವ ಮಾರಾಯ, ರಿಪೇರಿ ಮಾಡಿ ನೋಡುವ.

ರಿಪೇರಿಯಲ್ಲೂ ಜಗಳ. ಅವನಿಗೆ ಟರ್ಬೊ ಕೂರಿಸಬೇಕು. ಟರ್ಬೊ ಹಾಕಿದರೆ ಇಂಜಿನಿಗೆ ಗಾಳಿ ಹೆಚ್ಚು ಹೋಗಿ ಎಳೆತ ಜಾಸ್ತಿ ಆಗ್ತದೆ, ಬೋಟು ಹಾರಿಕೊಂಡು ಮೇಲೆ ಬರ್ತದೆ. ನನಗೆ ಬ್ರೇಕು ಬದಲಿಸಬೇಕು. ಎರಡೂ ಮಾಡುವಷ್ಟು ದುಡ್ಡು ಇರಲಿಲ್ಲ. ನಮ್ಮ ಲಾರಿಯದ್ದು ಹಳೇ ಕಾಲದ ಗಾಳಿ ಬ್ರೇಕು. ಪೆಡಲ್ ಒತ್ತಿದರೆ ಗಾಳಿ ಹೋಗಿ ಬ್ರೇಕ್ ಹಿಡಿಯುವುದು. ಗಾಳಿ ಸೋರಿತಾ, ಮುಗೀತು ಕಥೆ, ಪೆಡಲ್ ಒತ್ತಿದರೂ ಒಂದೇ, ಒತ್ತದಿದ್ದರೂ ಒಂದೇ. ಹೊಸ ನಮೂನೆಯದ್ದು ಉಲ್ಟಾ. ಅದರ ಒಳಗೆ ದೊಡ್ಡ ಸ್ಪ್ರಿಂಗು ಇರ್ತದೆ, ಗಾಳಿ ಆ ಸ್ಪ್ರಿಂಗನ್ನು ಹಿಡಿದಿಟ್ಟುಕೊಂಡಿರ್ತದೆ. ಗಾಳಿ ಹೋದರೆ ಸ್ಪ್ರಿಂಗು ಬಂದು ಚಕ್ರವನ್ನೇ ಕಚ್ಚಿಬಿಡ್ತದೆ. ಅರ್ಥ ಆಯ್ತಾ? ಗಾಳಿ ಹೋದರೆ ಅಲ್ಲಾಡುವ ಹಾಗೇ ಇಲ್ಲ. ಇದನ್ನು ಹಮ್ಮಬ್ಬನಿಗೆ ವಿವರಿಸಿದೆ. ಅವ ಬೀಡಿ ಹೊತ್ತಿಸಿ ಪೂರ್ತಿ ಕೇಳಿದ. ಆಮೇಲೆ ಹೇಳಿದ, "ಎಳೆಯುವ ಲಾರಿಗೆ ನಿಲ್ಲುವ ಸಾಮಾನು ಎಂತಕ್ಕೆ ಬಿಎಸ್ಸಿ? ಕಂಬಳದ ಕೋಣಕ್ಕೆ ಕೂತುಕೊಳ್ಳಲಿಕ್ಕೆ ಕುರ್ಚಿ ಮಾಡಿಸ್ತಿಯಲ್ಲ."

ಬೋಟಿನವರೆಲ್ಲ ನಕ್ಕರು. ಎರಡು ವಾರ ನನ್ನನ್ನು ನೋಡಿದವರೆಲ್ಲ ಕುರ್ಚಿ ಆಯ್ತಾ ಅಂತ ಕೇಳುವುದು. ಕೊನೆಗೆ ಅವನೇ ಒಪ್ಪಿದ, ಎಂತಕ್ಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಬಹುಶಃ ಹೇಗೂ ಗುಜರಿಗೆ ಹೋಗುವ ಲಾರಿ, ಇವನ ಆಸೆಯೂ ತೀರಲಿ ಅಂತ ಇರಬೇಕು. ಆದರೆ ಬೋಟಿನವರ ಎದುರು ಒಂದು ಷರತ್ತು ಹಾಕಿದ. "ಈ ಸೀಸನ್ನಿನಲ್ಲಿ ಒಂದು ಬೋಟನ್ನಾದರೂ ನಡುದಾರಿಯಲ್ಲಿ ಹಿಡ್ಕೊಂಡು ಲಾರಿ ಕೆಟ್ಟು ನಿಂತರೆ, ಮಾತಿಲ್ಲ. ಕೀ ಗುಜರಿಯವನ ಕೈಗೆ." ನಾನು ಆಯ್ತು ಅಂದೆ. ಇಂಜಿನಿಗೆ ತೇಪೆ, ರೇಡಿಯೇಟರಿಗೆ ಆಸಿಡ್ ಸ್ನಾನ, ಹಿಂದಿನ ಚಕ್ರಗಳಿಗೆ ಸ್ಪ್ರಿಂಗ್ ಬ್ರೇಕು, ಅದಕ್ಕೆ ಹೊಸ ನೈಲಾನ್ ಪೈಪು. ಪೈಪಿನ ಬಣ್ಣ ಕಿತ್ತಳೆ, ನೋಡಲಿಕ್ಕೇ ಚಂದ.

ಇನ್ನು ಎಣ್ಣೆಯ ಕಥೆ. ಲಾರಿಯ ಅಡಿಗೆ ತುಕ್ಕು ಹಿಡಿಯದ ಹಾಗೆ ಬೇರೆ ಊರಿನವರು ಸುಟ್ಟ ಇಂಜಿನ್ ಆಯಿಲ್ ಹೊಡೀತಾರೆ. ನಮ್ಮಲ್ಲಿ ಹಾಗಲ್ಲ. ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ ಹಚ್ಚುವುದು ಅಜ್ಜನ ಕಾಲದ ಪದ್ಧತಿ, ಎಷ್ಟು ಉಪ್ಪುನೀರು ಕುಡಿದರೂ ಹಲಗೆಗೆ ಏನೂ ಆಗುವುದಿಲ್ಲ. ದೋಣಿ ಉಳಿಸಿದ ಎಣ್ಣೆ ಲಾರಿ ಉಳಿಸದಾ? ಅಣ್ಣನೂ ಅದನ್ನೇ ಹಚ್ಚುತ್ತಿದ್ದ, ಹಮ್ಮಬ್ಬನೂ ಅದನ್ನೇ. ಆ ವರ್ಷ ಹೊಸ ಸಾಮಾನು ಅಂತ ಪ್ರೀತಿಯಿಂದ ಒಂದು ಡಬ್ಬಿ ಹೆಚ್ಚೇ ತಂದ. ಚಾಸಿಗೆ ಹಚ್ಚಿದ, ಆಕ್ಸಲಿಗೆ ಹಚ್ಚಿದ, ಉಳಿದದ್ದನ್ನು ಯಾಕೆ ಬಿಸಾಡುವುದು ಅಂತ ಕಿತ್ತಳೆ ಪೈಪಿಗೂ ಉದ್ದಕ್ಕೆ ಸವರಿದ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ. ಹಿಂದೆಲ್ಲ ತಾಮ್ರದ ಪೈಪು, ಅದಕ್ಕೆ ಎಂತ ಹಚ್ಚಿದರೂ ನಡೀತಿತ್ತು. ಇದು ನೈಲಾನ್. ಅದನ್ನು ನಾವು ಇಬ್ಬರೂ ಯೋಚಿಸಲಿಲ್ಲ.

ಆಗ ಲಾರಿ ನಿಲ್ಲುತ್ತಿದ್ದದ್ದು ಇಲ್ಲೇ, ನಮ್ಮ ಜೆಪ್ಪಿನ ಮನೆಯ ಅಂಗಳದಲ್ಲಿ, ಈಗ ನಿಮ್ಮ ಅಪ್ಪನ ಕಾರು ಇರುವಲ್ಲಿ. ಎಣ್ಣೆ ಹಚ್ಚಿದ ಮರುದಿನ ಓಣಿಯ ಬೆಕ್ಕುಗಳೆಲ್ಲ ಲಾರಿಯ ಅಡಿಯಲ್ಲಿ ಮಹಾಸಭೆ. ನೆಕ್ಕುವುದು, ಕೂಗುವುದು, ಜಗಳ. ಅಜ್ಜಿಗೆ ಮೂರು ದಿನ ನಿದ್ರೆ ಇಲ್ಲ. ಆಚೆಮನೆಯವರು ಕಿಟಕಿಯಿಂದ ಕೇಳುವುದು, ಜಲಜಕ್ಕ, ನಿಮ್ಮಲ್ಲಿ ಎಂತ, ದಿನಾ ಬೂತಾಯಿ ಪುಳಿಮುಂಚಿ ಸಾರಾ ಅಂತ. ಗಂಜಿ ಕುಡಿಯುವವರಿಗೆ ಆ ಮಾತು! ಅಜ್ಜಿ ಸಿಟ್ಟಿನಲ್ಲಿ ಬೆಕ್ಕುಗಳನ್ನು ಒಂದೊಂದಾಗಿ ಬುಟ್ಟಿಯಲ್ಲಿ ಹಾಕಿ, ರಿಕ್ಷಾದಲ್ಲಿ ಉರ್ವ ಮಾರ್ಕೆಟಿಗೆ ಕಳಿಸಿದಳು, ಅಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ಸುಖವಾಗಿರಲಿ ಅಂತ. ಬೆಕ್ಕು ಹೋಯ್ತು, ಓಣಿ ನಿಶ್ಶಬ್ದ. ಈಗ ಹೇಳಿ, ಬೆಕ್ಕಿಲ್ಲದ ಅಂಗಳಕ್ಕೆ, ಮೀನಿನ ವಾಸನೆ ಹಿಡ್ಕೊಂಡು ಯಾರು ಬರ್ತಾರೆ? ಹಾಂ. ನಗ್ತಾ ಇದ್ದಾಳೆ, ಇವಳಿಗೆ ಗೊತ್ತಾಯ್ತು.

ಹೆಗ್ಗಣ. ನಮ್ಮ ತುಳುವಿನ ಪೆರ್ಗುಡೆ. ಅಂಥ ಹಲ್ಲಿಗೆ ನೈಲಾನ್ ಪೈಪು ಅಂದರೆ ಕಬ್ಬಿನ ಜಲ್ಲೆ. ಬೂತಾಯಿ ಎಣ್ಣೆ ಹಚ್ಚಿದ ಕಬ್ಬಿನ ಜಲ್ಲೆ. ಪೂರ್ತಿ ಕಡಿದಿದ್ದರೆ ಲಾರಿ ಅಂಗಳದಿಂದಲೇ ಹೊರಡುತ್ತಿರಲಿಲ್ಲ, ನಮಗೂ ತಿಳೀತಿತ್ತು. ಅದು ಪುಣ್ಯಾತ್ಮ, ಕೆರೆದು ಕೆರೆದು ತೆಳ್ಳಗೆ ಮಾಡಿ ಬಿಟ್ಟಿತ್ತು.

ಆ ಬೆಳಿಗ್ಗೆ ನಾನು ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, ಇವತ್ತು ಯಾವ ದಿನ ಅಂತ ಗೊತ್ತುಂಟಲ್ಲ, ಲಾರಿಯೂ ಮನೆಯಲ್ಲೇ ನಿಲ್ಲಲಿ ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಅದೇ ಸೀಸನ್ನಿನ ಕೊನೆಯ ಬೋಟು. ಅದೊಂದು ಮೇಲೆ ಬಂದರೆ ಷರತ್ತು ಗೆದ್ದ ಹಾಗೆ. ನೇತ್ರಾವತಿಯ ಸಂಕ ದಾಟಿ ಉಳ್ಳಾಲಕ್ಕೆ ಹೋದೆ. ಹಮ್ಮಬ್ಬ ಕಾಯ್ತಿದ್ದ. ಲಾರಿಯ ಹಿಂದೆ ಭಾರಕ್ಕೆ ಕೆಂಪು ಕಲ್ಲು ಹೇರಿ ಆಗಿತ್ತು, ಇಲ್ಲದಿದ್ದರೆ ಚಕ್ರ ಹಿಡಿತ ಸಿಗದೆ ಸುತ್ತುತ್ತದೆ. ಬೋಟು ಟ್ರಾಲಿ ಹತ್ತಿತು. ಕಬ್ಬಿಣದ ದಂಡದಿಂದ ಟ್ರಾಲಿಯನ್ನು ಲಾರಿಗೆ ಸಿಕ್ಕಿಸಿ ಎಳೆಯಲಿಕ್ಕೆ ಶುರು ಮಾಡಿದೆವು.

ನಮ್ಮ ಕ್ರಮ ಹೇಗೆ ಗೊತ್ತುಂಟಾ? ಟ್ರಾಲಿಯ ಹಿಂದೆಯೇ ಒಬ್ಬ ಮರದ ಅಡ್ಡೆ ಹಿಡ್ಕೊಂಡು ನಡೀಬೇಕು. ಇಳಿಜಾರಿನ ನಡುವೆ ಲಾರಿ ಒಮ್ಮೆ ನಿಲ್ಲಬೇಕು, ಅವ ಚಕ್ರಕ್ಕೆ ಅಡ್ಡೆ ಕೊಟ್ಟು, ಬೋಟು ವಾಲಿದೆಯಾ ನೋಡಿ, ಅಡ್ಡೆ ತೆಗೆದು, ಕೈ ಎತ್ತಬೇಕು. ಆ ಒಬ್ಬ ಹಮ್ಮಬ್ಬ. ಬೇರೆಯವರನ್ನು ಅಲ್ಲಿ ಬಿಡುತ್ತಲೇ ಇರಲಿಲ್ಲ, ನಿಮಗೆಲ್ಲ ಹೆಂಡತಿ ಮಕ್ಕಳಿದ್ದಾರೆ ಅಂತ ಹೇಳುವುದು, ಅವನಿಗೆ ಇಲ್ಲದ ಹಾಗೆ.

ನಡುವೆ ನಿಲ್ಲಿಸಿದೆ. ಗೇರು ನ್ಯೂಟ್ರಲ್, ಕಾಲು ಪೂರ್ತಿ ಬ್ರೇಕಿನ ಮೇಲೆ. ಗಾಜಿನ ಮೇಲೆ ಮಳೆ ಹನಿ ಬಿತ್ತು, ವರ್ಷದ ಮೊದಲ ಮಳೆ, ಮಳೆ ಅಂದರೆ ಎಂತ, ಹತ್ತು ಹನಿ ಇರಬಹುದು. ಕನ್ನಡಿಯಲ್ಲಿ ಹಮ್ಮಬ್ಬ ಅಡ್ಡೆ ಎಳೆಯುವುದು ಕಾಣ್ತಿತ್ತು. ಅಡ್ಡೆ ಬಂತು. ಅವನ ಮೊಣಕಾಲು ಬರಲಿಲ್ಲ. ಬಗ್ಗಿದವ ಹಾಗೇ ಕೂತುಬಿಟ್ಟ, ಚಕ್ರದ ಹಿಂದೆ. ಅದೇ ಹೊತ್ತಿಗೆ ಲಾರಿಯ ಅಡಿಯಿಂದ ದೊಡ್ಡ ಹಾವು ಬುಸುಗುಟ್ಟಿದ ಹಾಗೆ ಒಂದು ಶಬ್ದ. ನನ್ನ ಕಾಲಿನ ಕೆಳಗೆ ಪೆಡಲ್ ಖಾಲಿ ಆಯ್ತು. ಲಾರಿ, ಟ್ರಾಲಿ, ಬೋಟು, ಎಲ್ಲ ಸೇರಿ ಹಿಂದಕ್ಕೆ ಜಾರಿತು. ಒಂದು ಗೇಣು. ಆಮೇಲೆ ಅಡಿಯಲ್ಲಿ ಟಕ್ ಅಂತ ಸ್ಪ್ರಿಂಗು ಕಚ್ಚಿತು, ಅಷ್ಟೇ. ನಿಂತಿತು. ನಾನು ಅಲ್ಲಾಡಲಿಲ್ಲ, ಅಲ್ಲಾಡಿದರೆ ಲಾರಿಯೂ ಅಲ್ಲಾಡ್ತದೆ ಅಂತ ಹೆದರಿಕೆ. ಬಿ.ಎಸ್ಸಿ. ಓದಿದವನ ಬುದ್ಧಿ ನೋಡಿ. ಬೋಟಿನವರು ಓಡಿ ಹೋಗಿ ಹಮ್ಮಬ್ಬನನ್ನು ಆಚೆ ಎಳೆದರು, ಎಲ್ಲಾ ಚಕ್ರಕ್ಕೂ ಅಡ್ಡೆ ಕೊಟ್ಟರು, ಕಲ್ಲು ಇಟ್ಟರು. ಒಬ್ಬ ದೈವದ ಹೆಸರು ಹೇಳಿ ಕೈಮುಗಿದ.

ನಾನು ಇಳಿದು ಅಡಿಗೆ ಹೊಕ್ಕು ನೋಡಿದೆ. ಪೈಪು ಒಡೆದಿತ್ತು, ಒಡೆದ ಬಾಯಿಯ ಸುತ್ತ ಹಲ್ಲಿನ ಗುರುತು. ಹಮ್ಮಬ್ಬನೂ ಕುಂಟುತ್ತಾ ಬಂದು ಪಕ್ಕದಲ್ಲಿ ಮಲಗಿ ನೋಡಿದ. ಬೆರಳಲ್ಲಿ ಎಣ್ಣೆ ಮುಟ್ಟಿ ಮೂಸಿದ. ಪೆರ್ಗುಡೆ, ಅಂತ ಹೇಳಿದ. ಹೌದು ಅಂದೆ. ಇಬ್ಬರಿಗೂ ನಗು ಬಂತು, ಲಾರಿಯ ಅಡಿಯಲ್ಲಿ ಮಲಗಿ ಎರಡು ಮುದುಕರು ನಗುವುದು ನೋಡಿ ಬೋಟಿನವರಿಗೆ ಇವರಿಗೆ ತಲೆಗೆ ಪೆಟ್ಟು ಬಿದ್ದಿದೆ ಅಂತ ಆಗಿರಬೇಕು. ಪೈಪು ಕತ್ತರಿಸಿ ಹಿತ್ತಾಳೆ ಜಾಯಿಂಟ್ ಹಾಕಿ, ಗಾಳಿ ತುಂಬುವವರೆಗೆ ಕಾದು, ಬೋಟನ್ನು ಮೇಲೆ ತಂದೆವು.

ಆದರೆ ಷರತ್ತು ಷರತ್ತೇ ಅಲ್ವಾ. ನಡುದಾರಿಯಲ್ಲಿ ಬೋಟು ಹಿಡ್ಕೊಂಡು ನಿಂತದ್ದು ಹೌದು, ಎಲ್ಲರೂ ನೋಡಿದ್ದಾರೆ. ನಾನು ಕೀ ತೆಗೆದು ಅವನ ಎದುರು ಹಿಡಿದೆ. ಅವ ಕೀ ನೋಡಿದ, ಲಾರಿ ನೋಡಿದ, ಅವ ಕೂತುಬಿಟ್ಟಿದ್ದ ಜಾಗವನ್ನು ನೋಡಿದ.

"ಇಟ್ಟುಕೊ ವಾಮನ," ಅಂದ. "ಅದು ನಿಂತದ್ದರಿಂದ ನಾನು ಮನೆಗೆ ಹೋಗ್ತಾ ಇದ್ದೇನೆ."

ಆ ಲಾರಿ ಈಗಲೂ ಉಂಟು, ಅವನ ಅಂಗಳದಲ್ಲಿ ನಿಲ್ತದೆ. ಮರುವರ್ಷವೇ ತಾಮ್ರದ ಪೈಪು ಹಾಕಿಸಿದ, ಬೆಕ್ಕು ಸಾಕಿದ. ಬೂತಾಯಿ ಎಣ್ಣೆ ಮಾತ್ರ ಬಿಡಲಿಲ್ಲ. ಟರ್ಬೊ ಸುದ್ದಿ ಎತ್ತಿದವರಿಗೆ, ಮೊದಲು ಕುರ್ಚಿ ಮಾಡಿಸಿ ಅಂತ ಹೇಳ್ತಾನೆ. ಹಾಗಾಗಿ ಮಕ್ಕಳೇ, ಎಳೆಯುವವನನ್ನು ಊರೇ ಹೊಗಳ್ತದೆ, ಬಿಡಿ. ನಿಲ್ಲಬೇಕಾದಲ್ಲಿ ನಿಲ್ಲುವವ ಒಬ್ಬ ಮನೆಯಲ್ಲಿ ಇದ್ದರೆ ಸಾಕು. ಅಜ್ಜಿ ಹೇಳಿದ ದಿನ ಯಾವುದು ಅಂತ ಕೇಳ್ತೀರಾ? ದೈವದ ಕೋಲ ನಿಲ್ಲುವ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ, ಹತ್ತು ಹನಿಯಾದರೂ ಮಳೆ ಬಿದ್ದೇ ಬೀಳುವ ದಿನ: ನಮ್ಮ ತುಳುವಿನ ಬೇಶ ತಿಂಗಳ ಹತ್ತು, ಶನಿವಾರ, ಪತ್ತನಾಜೆ.